ಬೇಳೆ ಕುದಿಯುವ ನೀರು

ಇವತ್ತು ಬೆಳಿಗ್ಗೆಯೂ ಕಾಫಿ ಹುಳಿಯಾಯಿತು. ಮೊಸರಿನ ಹುಳಿಯಲ್ಲ, ನಿಂಬೆಯದೂ ಅಲ್ಲ. ಹಸಿ ಹುಣಸೆಕಾಯಿ ಕಚ್ಚಿದಾಗ ಕಿವಿಯ ಬುಡದಲ್ಲಿ ಏನೋ ಜುಮ್ಮೆನ್ನುತ್ತದಲ್ಲ, ಆ ಹುಳಿ. ಕಪ್ಪು ಕೆಳಗಿಟ್ಟು ಗಡಿಯಾರ ನೋಡಿದೆ. ಏಳೂವರೆ. ಭಾಲ್ಕಿಯಿಂದ ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಕೂತ ಬಸ್ಸು ಬೀದರಕ್ಕೆ ಬರುವುದು ಹನ್ನೊಂದಕ್ಕೆ. ಅಷ್ಟರೊಳಗೆ ಒಂದೇ ಒಂದು ಕಪ್ಪು ನೆಟ್ಟಗೆ ಇಳಿಯಬೇಕು. ಒಂದು ಗುಟುಕು ಕಾಫಿಗಾಗಿ ಈ ಹೆಂಗಸು ಇಷ್ಟು ಒದ್ದಾಡುತ್ತಾಳಲ್ಲ ಎಂದು ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ. ಆದರೆ ಆ ಕಪ್ಪಿನ ಜೊತೆ ಅತ್ತೆಗೆ ಒಂದು ಮಾತು ಹೇಳುವುದಿದೆ. ಒಂಬತ್ತು ವರ್ಷದವಳಿದ್ದಾಗಿನಿಂದ ಅದು ನನ್ನ ಬಾಯೊಳಗೇ ಉಳಿದಿದೆ.

ಮೊದಲು ಈ ಕಾಫಿ ಮಷಿನ್ನಿನ ಸುದ್ದಿ ಹೇಳುತ್ತೇನೆ. ಹೋದ ವರ್ಷ ನಮ್ಮ ಮನೆಯವರ ಮೊಣಕಾಲು ತೋರಿಸಲು ಹೈದರಾಬಾದಿಗೆ ಹೋಗಿದ್ದೆವು. ಆಸ್ಪತ್ರೆಯ ಕೆಳಗೆ ಒಂದು ಕಾಫಿ ಅಂಗಡಿ. ಹೆಸರು ಚೆಂದ ಕಂಡಿತೆಂದು ಎಸ್ಪ್ರೆಸ್ಸೊ ಕೇಳಿದೆ. ಗುಬ್ಬಿಗೆ ನೀರಿಡುವಷ್ಟು ಸಣ್ಣ ಕಪ್ಪಿನಲ್ಲಿ ತಳ ಮುಚ್ಚುವಷ್ಟು ಕಾಫಿ ಬಂತು. ರುಚಿ ನೋಡಲು ಕೊಟ್ಟಿರಬೇಕು, ಉಳಿದದ್ದು ಹಿಂದೆ ಬರುತ್ತದೆ ಎಂದು ಹತ್ತು ನಿಮಿಷ ಕಾದು ಕೂತೆ. ಬರಲಿಲ್ಲ. ಕೊನೆಗೆ ಅದನ್ನೇ ಬಾಯಿಗಿಟ್ಟೆ ನೋಡಿ, ಆಸ್ಪತ್ರೆಯೂ ಇಲ್ಲ, ಹೈದರಾಬಾದೂ ಇಲ್ಲ. ನನ್ನ ತವರೂರು ಚಿಂತಾಕಿಯ ನಮ್ಮ ಮನೆಯ ಅಡುಗೆಕೋಣೆ, ಹೊಗೆಗೆ ಕಪ್ಪಾದ ಗೋಡೆ, ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೊತ್ತಿ ನಗುತ್ತಿದ್ದ ಅತ್ತೆ. ಆ ವಾಸನೆಯನ್ನು ನಾನು ಚಿಕ್ಕವಳಿದ್ದಾಗ ಒಮ್ಮೆ ಕುಡಿದಿದ್ದೆ. ಊರಿಗೆ ಬಂದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಮಷಿನ್ ತರಿಸಿದೆ.

ತರಿಸಿದ್ದೇನೋ ಆಯಿತು, ಅದು ನನ್ನ ಮಾತು ಕೇಳಬೇಕಲ್ಲ. ಮೂರು ತಿಂಗಳು ನನ್ನನ್ನು ಕುಣಿಸಿತು. ಪುಡಿ ದಪ್ಪವಾದರೆ ನೀರು ದಡಬಡ ಓಡಿಹೋಗಿ ಕಾಫಿ ಹುಳಿ; ಸಣ್ಣಗಾದರೆ ಹನಿ ಹನಿಗೂ ಸತಾಯಿಸಿ ಬೇವಿನ ಕಷಾಯ. ಹದಿನೆಂಟು ಗ್ರಾಂ ಪುಡಿಗೆ ಮೂವತ್ತಾರು ಗ್ರಾಂ ಕಾಫಿ, ಅದೂ ಅರ್ಧ ನಿಮಿಷದೊಳಗೆ, ಜೇನು ಇಳಿದ ಹಾಗೆ ಇಳಿಯಬೇಕಂತೆ. ಪುಡಿ ಒತ್ತಲು ಮಷಿನ್ನಿನ ಜೊತೆ ಕೊಟ್ಟ ಗುಂಡು ಸಾಲದೆನಿಸಿ ಒಂದು ದಿನ ಲಟ್ಟಣಿಗೆಯ ತುದಿಯಿಂದ ಜಜ್ಜಿದೆ. ಮಷಿನ್ ಕೊಂಯ್ ಎಂದು ಅತ್ತು ನಿಂತೇಬಿಟ್ಟಿತು. ಇಲ್ಲೇ ಹತ್ತಿರದ ಕೊಳಾರದ ಗೋದಾಮಿಗೆ ಕೆಲಸಕ್ಕೆ ಹೊರಟಿದ್ದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, “ಒಂದು ಗುಟುಕಿಗೆ ಇದೇನ್ ಸರ್ಕಸ್ಸು ಹಚ್ಚೀದಿ? ಇಷ್ಟೊತ್ತಿಗೆ ನಾ ನಾಕು ಚಹಾ ಕುಡೀತಿದ್ದೆ,” ಎಂದರು. ಅವರಿಗೆ ಚಹಾ ಮಾಡಿಕೊಟ್ಟೆ. ಅದಾದರೂ ಬರುತ್ತದೆ ನನಗೆ.

ಎಲ್ಲಾ ಹದ ಕೂಡಿ ಬಂದರೂ ಏನೋ ತಪ್ಪುತ್ತಿತ್ತು. ಬೋರಿನ ನೀರು ಹಾಕಿದರೆ ಸೀಮೆಸುಣ್ಣ ನೆಕ್ಕಿದ ರುಚಿ, ಮೇಲೆ ಮಷಿನ್ನಿನ ಬಾಯಿಗೆಲ್ಲ ಬಿಳಿ ಪೊರೆ. ಕ್ಯಾನಿನ ಫಿಲ್ಟರ್ ನೀರು ಹಾಕಿದರೆ ಕಾಫಿ ಸಪ್ಪೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರು. ಗಡಸು ನೀರು, ಮೆದು ನೀರು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಒರೆಸುತ್ತೇನೆ. ಆದರೆ ತಪ್ಪು ನೀರಿನದು ಎಂದು ನನಗೆ ತಿಳಿದದ್ದು ಪಾಠದಿಂದಲ್ಲ. ಆ ಬಿಳಿ ಪೊರೆಯನ್ನು ಉಗುರಿನಿಂದ ಕೆರೆಯುತ್ತಿದ್ದಾಗ ಆಯಿ ನೆನಪಾದಳು.

ಆಯಿ ಎಂದರೆ ನಮ್ಮಪ್ಪನ ತಾಯಿ. ಒಂದಕ್ಷರ ಓದಿದವಳಲ್ಲ. ಮದುವೆಯಾಗಿ ಚಿಂತಾಕಿಗೆ ಬಂದ ಕಾಲಕ್ಕೆ ಸಿಹಿನೀರಿನ ಬಾವಿ ಊರವರದು; ನಮ್ಮ ಓಣಿಯವರು ಅದರ ಹಗ್ಗ ಮುಟ್ಟುವಂತಿರಲಿಲ್ಲ. ನಮ್ಮ ಪಾಲಿಗೆ ಹಳ್ಳದ ದಂಡೆಯ ಸವಳು ನೀರು. ಆ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತಂತೆ. ಹೊಲದಿಂದ ಹಸಿದು ಬಂದವರ ಮುಂದೆ ಬೇಯದ ಬೇಳೆ ಬಡಿಸಿ ಬೈಸಿಕೊಂಡು, ಒಲೆಯ ಮುಂದೆ ಅತ್ತು ಅತ್ತು ಆಕೆ ಹರೆಯ ಕಳೆದಳು. ಮುಂದೆ ನಮ್ಮ ಓಣಿಗೂ ಒಳ್ಳೆಯ ಬಾವಿಯಾಯಿತು, ಬುದ್ಧವಿಹಾರವಾಯಿತು, ಮಕ್ಕಳು ಶಾಲೆ ಕಲಿತರು. ಆದರೆ ಆಯಿ ಆ ಒಲೆಯನ್ನು ಮರೆಯಲಿಲ್ಲ. ಮನೆಯ ಹೆಣ್ಣುಮಕ್ಕಳನ್ನು ನೋಡಲು ಯಾರೇ ಬರಲಿ, ವರನ ಹೊಲ ಎಷ್ಟು, ನೌಕರಿ ಏನು ಎಂದು ಉಳಿದವರು ಕೇಳುತ್ತಿದ್ದರೆ ಆಕೆ ಮೂಲೆಯಿಂದ ಒಂದೇ ಮಾತು ಕೇಳುವಳು: “ನಿಮ್ಮೂರ ನೀರಿನ್ಯಾಗ ಬ್ಯಾಳಿ ಕುದೀತದೇನ್ರಿ?”

ಬರೀ ಕೇಳಿ ಬಿಡುವವಳಲ್ಲ. ಗಂಡನನ್ನು, ಅಂದರೆ ನಮ್ಮ ಮುತ್ಯಾನನ್ನು, ಆ ಊರಿಗೆ ಕಳಿಸಿ ಒಂದು ಕೊಡ ನೀರು ತರಿಸುವಳು. ಪಾಪ ಮುತ್ಯಾ, ಕೊಡದ ಬಾಯಿಗೆ ಅರಿವೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು, ಔರಾದದ ಕೆಂಪು ಬಸ್ಸಿನಲ್ಲಿ ಬರಬೇಕು. ಯಾವ ತೀರ್ಥಕ್ಷೇತ್ರದ ನೀರು ಎಂದು ಕೇಳಿದವರಿಗೆ, “ಬೀಗರ ಬಾವೀದು, ಟೆಸ್ಟಿಂಗ್‌ಗೆ ಒಯ್ಲತ್ತೀನಿ,” ಎಂದು ಗಂಭೀರವಾಗಿ ಹೇಳುತ್ತಿದ್ದ. ಆ ನೀರಿನಲ್ಲಿ ಆಯಿ ಒಂದು ಹಿಡಿ ಬೇಳೆ ಕುದಿಯಲಿಟ್ಟು, ಆಮೇಲೆ ಎರಡು ಬೆರಳಿನ ನಡುವೆ ಒಂದು ಕಾಳು ಹಿಚುಕುವಳು. ನುಣ್ಣಗಾದರೆ “ಕುದೀತು” ಎನ್ನುವಳು. ಅಷ್ಟೆಂದರೆ ಸಂಬಂಧ ಪಕ್ಕಾ.

ಅತ್ತೆಯನ್ನು ನೋಡಲು ಎಕಂಬಾದ ಒಬ್ಬ ಮಾಸ್ತರ ಬಂದಿದ್ದ. ಮೈಸೂರು ಕಡೆ ಟ್ರೇನಿಂಗ್ ಮುಗಿಸಿ ಬಂದವನು, ಬರುವಾಗ ಹಣ್ಣು ಹೂವಿನ ಜೊತೆ ಒಂದು ಪೊಟ್ಟಣ ಕಾಫಿಪುಡಿ ತಂದಿದ್ದ. ನಮ್ಮ ಕಡೆ ಆಗ ಕಾಫಿ ಕಂಡವರು ಯಾರು? ಆಯಿ ಪೊಟ್ಟಣ ಬಿಚ್ಚಿ ಮೂಸಿ, ಇದು ಹೊಸ ನಮೂನೆಯ ಮಿಶ್ರಿ ಎಂದು ತಿಳಿದು, ಬೆರಳಿಗೆ ಹಚ್ಚಿಕೊಂಡು ಹಲ್ಲುಜ್ಜತೊಡಗಿದಳು. ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವುದು ನಮ್ಮ ಅಜ್ಜಿಯರ ಚಟ. ಮಾಸ್ತರ ಗಾಬರಿಯಾಗಿ, “ಅದು ಕುಡಿಯೋದದ ರೀ ಆಯಿ,” ಎಂದ. ಆಯಿ ಉಗುಳಲೂ ಆಗದೆ ನುಂಗಲೂ ಆಗದೆ ಕೂತಳು. ಬಾಗಿಲ ಹಿಂದಿನಿಂದ ಅತ್ತೆಯ ನಗು ಕೇಳಿತು. ಆ ನಗು ಕೇಳಿ ಮಾಸ್ತರನೂ ನಕ್ಕ. ಅವರಿಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡುವ ಮೊದಲೇ ಕೂಡಿ ನಕ್ಕಿದ್ದರು.

ಅತ್ತೆ ಆ ಪುಡಿಯನ್ನು ಚಹಾದ ಹಾಗೆ ಬೆಲ್ಲ ಹಾಕಿ ಕುದಿಸಿ ತಂದಳು. ಎಲ್ಲರ ಹಲ್ಲಿಗೂ ಚರಟ. ಒಂದು ಗುಟುಕು ನನಗೂ ಸಿಕ್ಕಿತು. ಹಿರಿಯರು ಮುಖ ಕಿವುಚಿ ಕೆಳಗಿಟ್ಟರು. ನೋಡಲು ಬಂದವರು ಹೋದ ಮೇಲೆ ಅತ್ತೆ ಒಬ್ಬಳೇ ಒಲೆಯ ಮುಂದೆ ಕೂತು ತಳದವರೆಗೂ ಕುಡಿದು ನನಗೆ ಹೇಳಿದಳು: “ಕಹಿ ಅದ ಖರೆ. ನುಂಗಿದ ಮ್ಯಾಲ ಸಿಹಿ ಬರ್ತದ ನೋಡು.” ಅವಳ ಕಣ್ಣು ಬೇರೆಲ್ಲೋ ಇತ್ತು. ಅತ್ತೆ ಹೊರಟುಬಿಡುತ್ತಾಳೆ ಎಂದು ನನಗೆ ಆಗಲೇ ತಿಳಿಯಿತು.

ಅತ್ತೆ ಹೋದರೆ ನನ್ನ ಜಡೆ ಹೆಣೆಯುವವರು ಯಾರು? ನಿಜ ಹೇಳುತ್ತೇನೆ, ನನಗಿದ್ದದ್ದು ಆ ಒಂದೇ ಚಿಂತೆ. ಅವ್ವ ಹೊಲದ ಕೆಲಸದಲ್ಲಿ ಕೂದಲು ಜಗ್ಗಿ ಕಟ್ಟಿ ಕಳಿಸುವಳು. ಅತ್ತೆ ಹಾಗಲ್ಲ, ತೊಡೆಯ ನಡುವೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಕಥೆ ಹೇಳುತ್ತಾ, ಕಥೆ ಮುಗಿಯುವಲ್ಲಿಗೆ ಸರಿಯಾಗಿ ರಿಬ್ಬನ್ ಕಟ್ಟುವಳು. ವಾರದೊಳಗೆ ಮುತ್ಯಾ ಎಕಂಬಾದ ನೀರು ತಂದ. ಆಯಿ ಬೇಳೆ ಇಟ್ಟು, “ಒಲಿ ಆರಲಾರದ್ಹಂಗ ನೋಡ್ಕೋ,” ಎಂದು ನನ್ನನ್ನು ಕೂರಿಸಿ ಒಲೆಗೆ ಸಗಣಿಯ ಕುಳ್ಳು ತರಲು ಹಿತ್ತಲಿಗೆ ಹೋದಳು. ಬೇಳೆ ಕುದಿಯುವ ಮೊದಲೇ ಹುಳಿ ಬಿದ್ದರೆ ಮುಗಿಯಿತು, ಅದು ಕಲ್ಲಾಗುತ್ತದೆ ಎಂದು ನನಗೆ ಕಲಿಸಿದವಳೂ ಆಯಿಯೇ. ನನ್ನ ಫ್ರಾಕಿನ ಕಿಸೆಯಲ್ಲಿ ತಿನ್ನಲು ಕದ್ದಿಟ್ಟ ಹುಣಸೆಹಣ್ಣಿನ ಉಂಡೆ ಇತ್ತು. ಗಡಿಗೆಯೊಳಗೆ ಹಾಕಿದೆ.

ಮಧ್ಯಾಹ್ನದವರೆಗೆ ಕುದಿಸಿದರು. ಆಯಿ ಒಂದು ಕಾಳು ತೆಗೆದು ಹಿಚುಕಿದಳು. ಇನ್ನೊಂದು ಹಿಚುಕಿದಳು. ಬಾಯಿಗೂ ಹಾಕಲಿಲ್ಲ, ಆಕೆಗೆ ಆ ಹಳೆಯ ಒಲೆಯೇ ಕಂಡಿರಬೇಕು. “ನನ್ನ ಮಗಳು ಇಂಥ ಒಲಿ ಮುಂದ ಅಳೂದು ಬ್ಯಾಡ,” ಎಂದು ಎದ್ದು ಹೋದಳು. ಬೇಳೆಯನ್ನು ಎಮ್ಮೆಯ ಬಾನಿಗೆ ಸುರಿಯಲು ಅತ್ತೆಗೆ ಹೇಳಿದರು. ಮರುದಿನವೇ ಎಕಂಬಾಕ್ಕೆ ಬೇಡವೆಂದು ಹೇಳಿಕಳಿಸಿದರು.

ಮರುವರ್ಷ ಅತ್ತೆಯನ್ನು ಭಾಲ್ಕಿಗೆ ಕೊಟ್ಟರು. ನನಗೆ ಸಿಕ್ಕಿದ್ದು ಒಂದು ವರ್ಷದ ಜಡೆ, ಅಷ್ಟೇ. ಭಾಲ್ಕಿಯ ಮಾವ ಕೆಟ್ಟವರಲ್ಲ, ಹೊಡೆದವರಲ್ಲ, ಬೈದವರಲ್ಲ. ಆದರೆ ಮಾತೇ ಇಲ್ಲದ ಮನುಷ್ಯ. ದಿನಕ್ಕೆ “ಊಟ”, “ನೀರು”, “ಕದಾ ಹಾಕು”, ಮುಗಿಯಿತು. ಹೋದಾಗಲೆಲ್ಲ ನೋಡುತ್ತಿದ್ದೆ, ಅತ್ತೆಯ ನಗು ವರ್ಷಕ್ಕಿಷ್ಟು ಸಣ್ಣದಾಗುತ್ತಾ ಬಂತು. ಅಲ್ಲಿಯ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಕುದಿಯುತ್ತಿತ್ತು. ಆ ಬೇಳೆಯನ್ನು ನಾನು ತಟ್ಟೆಯ ಅಂಚಿಗೆ ಸರಿಸಿಡುತ್ತಿದ್ದೆ. ಈಗ ಮಾವ ಹೋಗಿ ಎರಡು ವರ್ಷ.

ಹೀಗಾಗಿ ನಾನು ಮಷಿನ್ನಿನ ಸಲುವಾಗಿ ಆಯಿಯ ಪರೀಕ್ಷೆಯನ್ನೇ ಮಾಡಿದೆ. ಬೋರಿನ ನೀರಿನಲ್ಲೊಂದು ಪಾತ್ರೆ ಬೇಳೆ, ಕ್ಯಾನಿನ ನೀರಿನಲ್ಲೊಂದು, ಎರಡನ್ನೂ ಬೆರೆಸಿ ಒಂದು. ನಮ್ಮ ಮನೆಯವರು ವಾರವಿಡೀ ಬೇಳೆ ಉಂಡರು. ಮೂರು ಪಾಲು ಕ್ಯಾನು, ಒಂದು ಪಾಲು ಬೋರು ಎಂಬಲ್ಲಿಗೆ ಕಾಫಿ ಬಾಯಿ ಬಿಟ್ಟು ಮಾತಾಡಿತು. ಎಲ್ಲಾ ಸರಿಹೋಯಿತು ಎನ್ನುವಾಗ ನಿನ್ನೆ ಹೊಸ ಬೀಜದ ಪೊಟ್ಟಣ ಒಡೆದೆ. ಬೀಸುವ ಹದ ಮತ್ತೆ ತಪ್ಪಿತು. ಅದೇ ಈ ಬೆಳಗಿನ ಹುಳಿ; ಆಮೇಲೆ ಮತ್ತೆರಡು ಸಲ ಬೀಸಿ ನೋಡಿದರೂ ಹೋಗಲಿಲ್ಲ.

ಹನ್ನೊಂದೂವರೆಗೆ ಅತ್ತೆ ಬಂದಳು. ಕಾಲು ತೊಳೆದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮಷಿನ್ನನ್ನು ಹೊಸ ಸೊಸೆಯನ್ನು ನೋಡುವ ಹಾಗೆ ಅಡಿಯಿಂದ ಮುಡಿಯವರೆಗೆ ನೋಡಿದಳು. “ಮಾಡು ನೋಡ್ತೀನಿ, ಏನ್ ಮಾಡ್ತೀ ಹುಡುಗಿ.” ಐವತ್ತು ದಾಟಿದ ನಾನು ಅವಳಿಗೆ ಇನ್ನೂ ಹುಡುಗಿ. ಪುಡಿ ತುಂಬಿ, ಒತ್ತಿ, ಮಷಿನ್ ಹಚ್ಚಿದೆ. ಕಾಫಿ ಹದಿನಾರು ಸೆಕೆಂಡಿಗೇ ಇಳಿದುಬಿಟ್ಟಿತು. ಹುಳಿಯೆಂದು ನೋಡಿಯೇ ಗೊತ್ತಾಯಿತು, ಆದರೆ ಚೆಲ್ಲುವ ಮೊದಲೇ ಅವಳು ಕಪ್ಪು ತೆಗೆದುಕೊಂಡಿದ್ದಳು. ಒಂದು ಗುಟುಕು ಕುಡಿದಳು. ಬಾಯೊಳಗೆ ತಿರುಗಿಸಿದಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು:

“ಇದ್ರಾಗೂ ಹುಣಸಿ ಹಾಕೀದಿ ಏನು?”

ನಾನು ಕಟ್ಟೆ ಹಿಡಿದುಕೊಂಡು ನಿಂತೆ. 

“ನಿನಗ ಗೊತ್ತಿತ್ತಾ ಅತ್ತಿ?”

“ಬ್ಯಾಳಿ ಬಾನಿಗೆ ಸುರಿದಾಕಿ ಯಾರು? ಗಡಗಿ ತಳದಾಗ ಹುಣಸಿ ಬೀಜ ಇದ್ವು. ನಾಕು.”

“ಮತ್ತ ಆಯಿಗೆ ಯಾಕ ಹೇಳ್ಲಿಲ್ಲ?”

“ಹೇಳಬೇಕಂತ ಒಳಗ ಬಂದೆ. ನೀ ಬಾಗಲದಾಗ ಕುಂತು, ಎಣ್ಣಿ-ಹಣಿಗಿ ಹಿಡ್ಕೊಂಡು ನನ್ನ ದಾರಿ ನೋಡ್ಲತ್ತಿದ್ದಿ. ಹೇಳಿದ್ರ ಅಣ್ಣ ನಿನ್ನ ಬೆನ್ನು ಮುರೀತಿದ್ದ. ಜಡಿ ಹಾಕಿ ಆಮ್ಯಾಲ ಹೇಳಿದ್ರಾತು ಅಂದ್ಕೊಂಡೆ. ಹಾಕ್ಲತ್ತಾಗ ನಿದ್ದಿ ಹೋದಿ, ನನ್ನ ತೊಡಿ ಮ್ಯಾಲ. ಮುಂಜಾನಿ ಏಳೂದ್ರಾಗ ಅಪ್ಪ ಹೇಳಿಕಳಿಸಿದ್ದ.”

“ಸಿಟ್ಟು ಬರ್ಲಿಲ್ಲೇನು ನನ್ನ ಮ್ಯಾಲ?”

“ಬಂದಿತ್ತು. ಭಾಳ ವರ್ಷ ಇತ್ತು.” ಅತ್ತೆ ಕಪ್ಪನ್ನು ನನ್ನ ಕಡೆ ಸರಿಸಿದಳು. “ಅಳ್ತಾ ನಿಂತ್ರ ಹ್ಯಾಂಗ? ಇನ್ನೊಂದು ಮಾಡು. ನೆಟ್ಟಗ ಮಾಡು.”

ಮೂಗು ಒರೆಸಿಕೊಂಡು ಬೀಸುವ ಹದವನ್ನು ಎರಡು ಗೀಟು ಸಣ್ಣಗೆ ಮಾಡಿದೆ. ಬೀಸಿದೆ, ತೂಗಿದೆ, ಒತ್ತಿದೆ. ಮೊದಲು ಏನೂ ಇಲ್ಲ. ಆಮೇಲೆ ಕಂದು ಬಣ್ಣದ ಒಂದು ಎಳೆ ನಿಧಾನವಾಗಿ ಇಳಿಯತೊಡಗಿತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಹೊರಗೆ ಯಾರೋ ಹಳೇ ಸಾಮಾನು ಕೂಗುತ್ತಾ ಹೋದರು. ಇಪ್ಪತ್ತೆಂಟು ಸೆಕೆಂಡು ಇಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮನೆ ತುಂಬ ಆ ಚಿಂತಾಕಿಯ ವಾಸನೆ.

ಅತ್ತೆ ಕುಡಿದಳು. ಕಣ್ಣು ಮುಚ್ಚಿದಳು. ಎಕಂಬಾದ ಮನೆಯಲ್ಲಿ ಒಂದು ಬೆಳಗು ಕಂಡಿತೋ ಏನೋ, ನಾನು ಕೇಳಲಿಲ್ಲ. ಕಣ್ಣು ತೆರೆದು, “ಹಾಂ. ಈಗ ಕುದೀತು,” ಎಂದಳು.

ಆಮೇಲೆ ಕಪ್ಪು ಕೆಳಗಿಟ್ಟು, “ಕೂಡು ಇಲ್ಲಿ. ಕೂದಲಾ ನೋಡು, ಗುಬ್ಬಿ ಗೂಡಾಗ್ಯಾವ,” ಎಂದು ನನ್ನನ್ನು ನೆಲಕ್ಕೆ ಕೂರಿಸಿ, ತನ್ನ ಚೀಲದಿಂದ ಬಾಚಣಿಗೆ ತೆಗೆದಳು. ಅರ್ಧ ಬೆಳ್ಳಗಾದ ಕೂದಲು, ಮೊದಲಿನ ಉದ್ದವೂ ಇಲ್ಲ. ಆದರೂ ಮೂರು ಪಾಲು ಮಾಡಿ ಹೆಣೆಯತೊಡಗಿದಳು. ಬೆರಳು ಅವೇ. ತುದಿಗೆ ಬಂದಾಗ ಒಮ್ಮೆ ಗಟ್ಟಿಯಾಗಿ ಜಗ್ಗಿದಳು, ನೋವಾಗುವಷ್ಟು.

“ಭಾಳ ತುಟ್ಟಿ ಬಿತ್ತು ನೋಡು ನನಗ ಈ ಜಡಿ,” ಎಂದು ನಕ್ಕಳು. ಬಾಗಿಲ ಹಿಂದಿನ ಅದೇ ನಗು. ನಾನು ತಲೆ ಅಲ್ಲಾಡಿಸದೆ ಕೂತೆ.