ಕೆಂಪು ಸೆರಗಿನ ಬಿಳಿ ಸೀರೆ

ನಮ್ಮ ಮನೆ ಇಳಕಲ್ಲಿನ ಮೆಥೋಡಿಸ್ಟ್ ಚರ್ಚಿನ ಗೋಡೆಗೆ ಅಂಟಿಕೊಂಡೇ ಇತ್ತು. ಅಪ್ಪ ಶಾಲೆಯ ಮಾಸ್ತರರು. ಅವ್ವ ಚರ್ಚಿನ ಮಹಿಳಾ ಸಂಘದ ಮುಂದಾಳು. ಸಂಘವೆಂದರೆ ದೊಡ್ಡದೇನಲ್ಲ. ಒಂದಿಷ್ಟು ಹೆಂಗಸರು ಸೇರಿ ಪ್ರಾರ್ಥನೆ ಮಾಡುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಓಣಿಯಲ್ಲಿ ಯಾರಿಗೆ ಜ್ವರ, ಯಾರಿಗೆ ಬಾಣಂತನ ಎಂದು ವಿಚಾರಿಸಿ ಆ ಮನೆಗೆ ಗಂಜಿಯನ್ನೋ ಹಳೆಯ ಮೆತ್ತನೆ ಬಟ್ಟೆಯನ್ನೋ ಕಳಿಸುತ್ತಿದ್ದರು. ಮನೆ ಯಾವ ಜಾತಿಯದು ಎಂದು ಕೇಳುತ್ತಿರಲಿಲ್ಲ. ಊರವರು ಚರ್ಚನ್ನು ಕಿರಸ್ತಾನರ ಗುಡಿ ಎನ್ನುತ್ತಿದ್ದರು. ಯಾರಾದರೂ ದಾರಿ ಕೇಳಿದರೆ ನಾವೂ ಹಾಗೇ ಹೇಳುತ್ತಿದ್ದೆವು.

ನಮ್ಮ ಎದುರು ಮನೆಯಲ್ಲಿ ಒಬ್ಬ ಲಿಂಗಾಯತ ಹೆಣ್ಣುಮಗಳಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವನು ಬಿಟ್ಟುಹೋದ ಮಗ್ಗದಲ್ಲಿ ಸೀರೆ ನೇಯ್ದು ಬದುಕುತ್ತಿದ್ದಳು. ನಾವು ಅವಳನ್ನು ಮಗ್ಗದಕ್ಕ ಎಂದು ಕರೆಯುತ್ತಿದ್ದೆವು. ಮಾತು ಒರಟು, ಕೈ ಬಲು ನಯ.

ಎಪ್ಪತ್ತರ ದಶಕದ ಕೊನೆಯಲ್ಲೊಂದು ವರ್ಷ ಹಿಂಗಾರು ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಮುಂಜಾನೆ ಮಗ್ಗದಕ್ಕನ ಮನೆಯ ಮಣ್ಣಿನ ಗೋಡೆ ಧಸಕ್ಕೆಂದು ಕುಸಿಯಿತು. ಅವಳು ಹಿತ್ತಲಲ್ಲಿದ್ದುದರಿಂದ ಉಳಿದಳು. ಓಡಿಹೋಗಿ ನೋಡಿದಾಗ ಅವಳು ಅಳುತ್ತಿರಲಿಲ್ಲ. ಮಣ್ಣಿನಲ್ಲಿ ಕೈಹಾಕಿ ಮಗ್ಗದ ಕಟ್ಟಿಗೆಗಳನ್ನು ಎಳೆಯುತ್ತಿದ್ದಳು. ಅಪ್ಪ ಮತ್ತು ಚರ್ಚಿನ ಪಾಸ್ಟರು ಹೋಗಿ ಕೈಜೋಡಿಸಿದರು. ಮಗ್ಗ ಮುರಿದಿರಲಿಲ್ಲ, ಆದರೆ ಅದನ್ನು ಹೂಡಲು ಜಾಗವಿರಲಿಲ್ಲ.

“ನಮ್ಮ ಸಂಡೇ ಸ್ಕೂಲಿನ ಖೋಲಿ ವಾರವೆಲ್ಲ ಖಾಲೀನ ಇರ್ತದ. ಅಲ್ಲೇ ಹೂಡೂಣು,” ಎಂದಳು ಅವ್ವ.

ಮಾತು ಸುಲಭ, ಕೆಲಸ ಸುಲಭವಲ್ಲ. ಇಳಕಲ್ಲಿನದು ಕುಣಿಮಗ್ಗ. ನೇಯುವವರು ನೆಲದ ಮಟ್ಟಕ್ಕೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯಬೇಕು. ಅಂದರೆ ಚರ್ಚಿನ ಹಿಂದಿನ ಖೋಲಿಯ ಹಾಸುಗಲ್ಲು ಕಿತ್ತು ನೆಲ ಅಗೆಯಬೇಕು. ಚರ್ಚಿನ ಸಭೆಯ ಹಿರಿಯರೊಬ್ಬರು ಕೇಳಿದವರೇ ಕೆಂಡವಾದರು.

“ದೇವರ ಗುಡ್ಯಾಗ ಕುಣಿ ತೋಡೂದಂದ್ರ ಏನ್ರಿ? ಕುಣಿ ತೋಡೂದು ಹೆಣಾ ಇಡಾಕ!”

ಪಾಸ್ಟರು ಮೆದು ಮನುಷ್ಯ. ಹಿರಿಯರ ಮುಖ ನೋಡಿದರು, ಅವ್ವನ ಮುಖ ನೋಡಿದರು. ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: “ನಮ್ಮ ಯೇಸುಸ್ವಾಮಿ ಬಡಿಗ್ಯಾರ ಮನ್ಯಾಗ ಬೆಳದಾಂವ ಅಲ್ಲೇನ್ರಿ? ಗರಗಸದ ಸಪ್ಪಳ ಕೇಳಿ ದೊಡ್ಡಾಂವ ಆದಾಂವಗ ಮಗ್ಗದ ಸಪ್ಪಳ ಬ್ಯಾಸರಾಗ್ತದೇನು?”

ಮರುದಿನ ಹಾಸುಗಲ್ಲು ಕೀಳುವಾಗ ಆ ಹಿರಿಯರೇ ಬಂದು, ಹಾರೆ ಹಿಡಿದವರ ಕೈ ಸರಿಯಿಲ್ಲವೆಂದು ಬೈದು ತಾವೇ ಹಿಡಿದರು.

ಮಗ್ಗದಕ್ಕ ನಮ್ಮ ಹಿಂದಿನ ಪಡಸಾಲೆಯಲ್ಲಿ ಮಲಗುತ್ತಿದ್ದಳು, ಹಗಲೆಲ್ಲ ಖೋಲಿಯಲ್ಲಿ ನೇಯುತ್ತಿದ್ದಳು. ಮುಂಜಾನೆ ಮಗ್ಗಕ್ಕೆ ಇಳಿಯುವ ಮೊದಲು ಖೋಲಿಯ ಮೂಲೆಯಲ್ಲಿ ಕೂತು ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಗೋಡೆಯ ಮೇಲೆ ಕುರಿಮರಿಯನ್ನು ಎತ್ತಿಕೊಂಡ ಯೇಸುವಿನ ಪಟ, ಕೆಳಗೆ ಅವಳ ವಿಭೂತಿ ಉಂಡೆ. ಅವ್ವ ಆ ಮೂಲೆಯನ್ನು ಸಾರಿಸಿ ಒಂದು ತಂಬಿಗೆ ನೀರಿಟ್ಟು ಬರುತ್ತಿದ್ದಳು. ಅದರ ಬಗ್ಗೆ ಇಬ್ಬರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಓಣಿ ಸುಮ್ಮನಿರಲಿಲ್ಲ. ಸುದ್ದಿ ಕಮತಗಿಯಲ್ಲಿದ್ದ ಅವಳ ಅಣ್ಣನವರೆಗೆ ಹೋಯಿತು. ಅವನು ಬಸ್ಸು ಇಳಿದು ನೇರ ಖೋಲಿಯ ಬಾಗಿಲಿಗೆ ಬಂದು ನಿಂತ.

“ಕಿರಸ್ತಾನಿ ಆದೀಯಂತ, ಖರೆ ಏನು?”

ಅವಳು ಲಾಳಿ ನಿಲ್ಲಿಸಲಿಲ್ಲ. “ಇಲ್ಲಿ ಮಗ್ಗ ಇಟ್ಟೇನಿ, ಲಿಂಗ ಕೊಟ್ಟಿಲ್ಲ. ಗ್ವಾಡಿ ಬಿದ್ದಾಗ ನೀ ಬಂದಿಲ್ಲ. ಈಗ ಬಂದೀದಿ, ಚಾ ಕುಡದು ಹೋಗು.”

ಅವ್ವ ಚಹಾ ತಂದಳು. ಅವನು ಬಹಳ ಹೊತ್ತು ಕಪ್ಪು ಹಿಡಿದು ನಿಂತಿದ್ದ. ಕೊನೆಗೆ ಕುಡಿದೇ ಹೋದ.

ಆರಾಧನೆಯ ಹೊತ್ತಿಗೆ ಅವಳು ಮಗ್ಗ ನಿಲ್ಲಿಸುತ್ತಿದ್ದಳು. ಒಂದೊಂದು ಭಾನುವಾರ ಪಾಸ್ಟರ ಉಪದೇಶ ಉದ್ದವಾದರೆ ಅವಳ ತಾಳ್ಮೆ ತೀರುತ್ತಿತ್ತು. ಹಿಂದಿನಿಂದ ಒಮ್ಮೆ ಖಟ್ ಎಂದು ಸಪ್ಪಳ ಬರುತ್ತಿತ್ತು. ಪಾಸ್ಟರು ನಕ್ಕು, “ಇನ್ನ ಮುಗಸ್ತೇನಿ,” ಎಂದು ಸತ್ಯವೇದ ಮುಚ್ಚುತ್ತಿದ್ದರು.

ಹೀಗೆ ವರ್ಷ ಕಳೆದ ಮೇಲೆ ನನಗೆ ಗಂಡು ಗೊತ್ತಾಯಿತು. ಹುಡುಗ ಬಾದಾಮಿಯ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮಲ್ಲಿ ಮದುಮಗಳು ಬಿಳಿ ಸೀರೆ ಉಟ್ಟು ಚರ್ಚಿಗೆ ಬರುವುದು ರೂಢಿ. ಅವ್ವ ಸಂಭ್ರಮದಿಂದ ಮಗ್ಗದಕ್ಕನ ಹತ್ತಿರ ಹೋಗಿ, “ನಮ್ಮ ಹುಡುಗಿ ಮದಿವಿ ಸೀರಿ ನೀವ ನೇಯಬೇಕು. ಬಿಳೀದು,” ಎಂದಳು.

ಮಗ್ಗದಕ್ಕನ ಕಾಲು ನಿಂತಿತು.

“ಕೆಂಪು ನೇಯ್ತೇನಿ, ಹಸರು ನೇಯ್ತೇನಿ. ಬಿಳೀದು ನನ್ನ ಕೈಲೆ ಆಗೂದಿಲ್ಲರಿ.”

“ನಮ್ಮಾಗ ಅದು ಶುಭದ ಬಣ್ಣ...”

“ನಿಮ್ಮಾಗ ಇರಬಹುದು. ನನ್ನ ಗಂಡ ಸತ್ತಾಗ ನನಗ ಉಡಿಸಿದ್ದು ಬಿಳಿ ಸೀರಿ. ಅದನ್ನ ಈ ಕೂಸಿನ ಮೈಮ್ಯಾಲ ಹಾಕಲೇನು ನಾ?”

ಅವ್ವ ಮನೆಗೆ ಬಂದಳು. ಆಮೇಲೆ ಕೆಲವು ದಿನ ಇಬ್ಬರ ನಡುವೆ ಮಾತು ಕಡಿಮೆಯಾಯಿತು. ತಂಬಿಗೆ ನೀರು ಮಾತ್ರ ತಪ್ಪಲಿಲ್ಲ. ಬಾಗಲಕೋಟೆಯ ಅಂಗಡಿಯಿಂದ ಸೀರೆ ತಂದರಾಯಿತು ಎಂದರು ಅಪ್ಪ. ನನಗೆ ಆ ಮಾತು ಹಿಡಿಸಲಿಲ್ಲ. ಒಂದು ಮಧ್ಯಾಹ್ನ ನಾನೇ ಖೋಲಿಗೆ ಹೋಗಿ ಕುಣಿಯ ಅಂಚಿನಲ್ಲಿ ಕೂತೆ.

ಅವಳು ನನ್ನ ಕಡೆ ನೋಡದೆ ಕೇಳಿದಳು, “ನಿನಗ ಮನಸಿಂದ ಬೇಕೇನು ಬಿಳೀದು?”

“ಅವ್ವನ ಮದಿವಿ ಫೋಟೋ ನೋಡೇ ಬೆಳದೇನಿ. ನನಗ ಬಿಳಿ ಅಂದ್ರ ಆ ಫೋಟೋದಾಗಿನ ಅವ್ವ. ಭಾಳ ನಕ್ಕಾಳ ಅದರಾಗ.”

ಅವಳು ಲಾಳಿಯನ್ನು ಮಗ್ಗದ ಮೇಲಿಟ್ಟಳು. ನಾನು ಮುಂದುವರಿಸಿದೆ, “ಆದ್ರ ಖರೆ ಹೇಳಲೇನಕ್ಕ? ನಾನೂ ಇಳಕಲ್ಲಿನಾಕಿ. ಕೆಂಪು ಸೆರಗು ಇಲ್ಲಾಂದ್ರ ನನಗ ಅದು ಸೀರಿ ಅನಸೂದ ಇಲ್ಲ.”

ಅವಳು ಈಗ ನನ್ನತ್ತ ತಿರುಗಿದಳು. ಮೊದಲು ಕಣ್ಣು ನಕ್ಕವು, ಆಮೇಲೆ ಬಾಯಿ. “ಹಂಗ ಹೇಳವಾ ಮತ್ತ! ಮೈ ನಿಮ್ಮವ್ವಂದು, ಸೆರಗು ನಂದು.”

ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ಬಿಳಿಯ ಎಳೆಗೆ ಕೆಂಪು ರೇಷ್ಮೆ ಸಿಕ್ಕಿಸುತ್ತ ಅವಳು ಇಡೀ ದಿನ ಬಗ್ಗಿ ಕೂತಳು. ನಾನು ಎಳೆ ಬಿಡಿಸಿ ಕೊಡುತ್ತಿದ್ದೆ. ಬಾದಾಮಿಯ ಹುಡುಗ ಹೇಗಿದ್ದಾನೆ, ಮಾತಾಡುತ್ತಾನೋ ಮೂಗನೋ, ಅತ್ತೆ ಕಟಕಿಯಾಡುವವಳೋ ಎಂದೆಲ್ಲ ಕೇಳಿ ನನ್ನ ಜೀವ ತಿಂದಳು. ಒಮ್ಮೆ ಮಾತ್ರ ತನ್ನ ಗಂಡನ ಸುದ್ದಿ ತೆಗೆದಳು. ಕೊಂಡಿ ಹಾಕುವುದನ್ನು ಕಲಿಸಿದವನು ಅವನೇ ಅಂತೆ. ತಪ್ಪಿದರೆ ಬೈಯುತ್ತಿರಲಿಲ್ಲವಂತೆ. “ಸುಮ್ಮನ ಬಿಚ್ಚಿ ಮತ್ತ ಹಾಕ್ತಿದ್ದ,” ಎಂದು ಮೂಗು ಒರೆಸಿಕೊಂಡು ಮತ್ತೆ ಎಳೆ ಹಿಡಿದಳು.

ಮದುವೆಗೆ ಬಾಗಲಕೋಟೆಯಿಂದ ಬಂದ ದೊಡ್ಡವ್ವ ಸೀರೆ ಬಿಚ್ಚಿ ನೋಡಿ ಹೌಹಾರಿದಳು. “ಇದೇನ ಕೆಂಪು! ಸಭಾದಾಗ ಏನಂದಾರು?” ಅವ್ವ ಉತ್ತರ ಕೊಡುವ ಮೊದಲೇ, ಅಂದು ಹಾರೆ ಹಿಡಿದಿದ್ದ ಹಿರಿಯರು ಅಂಗಳದಿಂದ ಕೂಗಿದರು: “ಏನೂ ಅನ್ನೂದಿಲ್ಲ ಬಿಡವಾ. ಆ ಸೀರಿ ನಮ್ಮ ಗುಡ್ಯಾಗ ಹುಟ್ಟೇತಿ!”

ಮದುವೆಯ ಮುಂಜಾನೆ ನನ್ನನ್ನು ಅಣಿಗೊಳಿಸುವಾಗ ಮಗ್ಗದಕ್ಕ ಕಾಣಲಿಲ್ಲ. ಅವ್ವ ಹುಡುಕಿಕೊಂಡು ಹೋದಳು. ಅವಳು ಹಿತ್ತಲ ಬಾಗಿಲಲ್ಲಿ ಗೋಡೆಗೆ ಒರಗಿ ನಿಂತಿದ್ದಳಂತೆ.

“ಶುಭದಾಗ ನಾ ಮುಂದ ಬರಬಾರದರಿ. ಗಂಡ ಇಲ್ಲದಾಕಿ ನಾ.”

ಅವಳ ಕೈ ಹಿಡಿದು ಎಳೆದುಕೊಂಡು ಬಂದ ಅವ್ವನ ದನಿ ನನಗೆ ಒಳಗೇ ಕೇಳಿಸಿತು. “ನೀವು ನೇಯ್ದದ್ದು ನನಗ ಉಡಸಾಕ ಬರೂದಿಲ್ಲ. ದಡಿ ಜಾರ್ತದ. ಬರ್ರಿ, ನೆರಿಗಿ ಹಿಡೀರಿ.”

ಅವ್ವನಿಗೆ ಸೀರೆ ಉಡಿಸಲು ಬರುವುದಿಲ್ಲವೆಂದರೆ ಇಳಕಲ್ಲಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಮಗ್ಗದಕ್ಕನೂ ನಂಬಲಿಲ್ಲ. ಆದರೂ ಬಂದಳು. ನನ್ನ ಮುಂದೆ ಮಂಡಿಯೂರಿ ನೆರಿಗೆ ಹಿಡಿದಳು. ಕೆಂಪು ಸೆರಗನ್ನು ಭುಜದ ಮೇಲೆ ಹಾಕಿ, ಹಿಂದೆ ಸರಿದು ನೋಡಿ, ನನ್ನ ಗಲ್ಲ ಹಿಡಿದು ಅತ್ತಳು. ಅವ್ವನೂ ಅತ್ತಳು, ನಾನೂ ಅತ್ತೆ. ದೊಡ್ಡವ್ವ ಪೌಡರ್ ಡಬ್ಬಿ ಹಿಡಿದುಕೊಂಡು, “ಎಲ್ಲಾ ಕೆಡಸಿದ್ರಿ, ಮತ್ತ ಹಚ್ಚಬೇಕು,” ಎಂದು ಗೊಣಗುತ್ತ ತಾನೂ ಕಣ್ಣೊರೆಸಿಕೊಂಡಳು.

ಚರ್ಚಿನಲ್ಲಿ ಅವಳು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಎಲ್ಲರೂ ಎದ್ದಾಗ ಎದ್ದಳು, ಕೂತಾಗ ಕೂತಳು, ಹಾಡಿದಾಗ ಹಾಡಲಿಲ್ಲ. ನಮ್ಮವರು ನನ್ನ ಬೆರಳಿಗೆ ಉಂಗುರ ತೊಡಿಸುವಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಅವಳೇ. ನಮ್ಮಲ್ಲಿ ಆಗ ಚಪ್ಪಾಳೆ ತಟ್ಟುವ ಪದ್ಧತಿ ಇರಲಿಲ್ಲ. ಒಂದು ಕ್ಷಣ ತಡೆದು ಸಭೆಯೂ ತಟ್ಟಿತು.

ಮುಂದಿನ ಬೇಸಿಗೆಯಲ್ಲಿ ಓಣಿಯವರು, ಚರ್ಚಿನ ಹುಡುಗರು, ಕಮತಗಿಯ ಅಣ್ಣ ಸೇರಿ ಅವಳ ಗೋಡೆ ಎಬ್ಬಿಸಿದರು. ಮಗ್ಗ ಮನೆಗೆ ಮರಳಿತು. ಅವಳು ಕೊನೆಯವರೆಗೂ ಲಿಂಗಪೂಜೆ ಬಿಡಲಿಲ್ಲ. ಮಹಿಳಾ ಸಂಘದ ಚಹಾವನ್ನೂ ತಪ್ಪಿಸಲಿಲ್ಲ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು.

ಎಂಬತ್ತರ ದಶಕದಲ್ಲಿ ನಾನು ಬಾದಾಮಿಯಿಂದ ತವರಿಗೆ ಬಂದಿದ್ದಾಗ ಹುನಗುಂದದ ಚರ್ಚಿನ ಸಭೆಯವರೊಬ್ಬರು ಮಗಳನ್ನು ಕರೆದುಕೊಂಡು ಅವಳ ಮನೆಗೆ ಬಂದಿದ್ದರು. ಪೂರ್ತಿ ಬಿಳಿಯ ಮದುವೆ ಸೀರೆ ಬೇಕೆಂದರು.

“ಪೂರ್ತಿ ಬಿಳೀದು ಅಂಗಡ್ಯಾಗ ಸಿಗ್ತದ, ಅಲ್ಲೇ ತಗೋರಿ,” ಎಂದಳು ಮಗ್ಗದಕ್ಕ. ಆಮೇಲೆ ಕೆಂಪು ರೇಷ್ಮೆಯ ಎಳೆಯೊಂದನ್ನು ಕೈಗೆತ್ತಿಕೊಂಡು, ತಂದೆಯನ್ನು ಬಿಟ್ಟು ಹುಡುಗಿಯ ಕಡೆ ತಿರುಗಿ ಅವಳ ಪಕ್ಕಕ್ಕೆ ಸರಿದು ಕೂತಳು. “ನೀ ಹೇಳವಾ. ಹುಡುಗ ಮಾತಾಡ್ತಾನೋ, ಮೂಗ ಅದಾನೋ?”