ಮನಸ್ಸು ಹೇಗಿದೆ ಎಂದು ಕೇಳಿದ ಬೇಸಿಗೆ

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಹೇಳಿಕೊಳ್ಳುವ ಅಗತ್ಯವಿಲ್ಲ. ಮಧುಗಿರಿಯಲ್ಲಿ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಕಾಂಪೌಂಡಿನ ಆಚೆ ಎಳನೀರು ಮಾರುವವನಿಗೂ ಗೊತ್ತು. ನಾನು ಎಂಟನೇ ತರಗತಿಗೆ ಸಂಧಿ ಪಾಠ ಮಾಡುವ ದಿನ ಅವನ ಗಿರಾಕಿಗಳೂ ಸವರ್ಣದೀರ್ಘ ಕಲಿತು ಹೋಗುತ್ತಾರಂತೆ. ಇಂಥ ನನ್ನನ್ನು ಹಿಡಿದು ಮಕ್ಕಳ ಭಾವನಾತ್ಮಕ ಯೋಗಕ್ಷೇಮದ ಉಸ್ತುವಾರಿ ಶಿಕ್ಷಕಿಯನ್ನಾಗಿ ಮಾಡಿದರು ಎಂದರೆ ನಿಮಗೆ ನಗು ಬರಬೇಕು. ನಕ್ಕುಬಿಡಿ, ಆಮೇಲೆ ಮುಂದಕ್ಕೆ ಹೋಗೋಣ.

ಇದು ಹೇಗಾಯಿತೆಂದರೆ, ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಹಳೆಯ ಸಂಪ್ರದಾಯವಿದೆ. ಯಾರಿಗೂ ಬೇಡವಾದ ಕೆಲಸ ಬಂದರೆ ಆವತ್ತು ರಜೆ ಹಾಕಿದವರ ತಲೆಗೆ ಕಟ್ಟುವುದು. ಈ ಕೆಲಸ ಬಂದ ದಿನ ನಾನು ಕೊರಟಗೆರೆಯಲ್ಲಿ ನಮ್ಮ ದೊಡ್ಡಪ್ಪನ ಮರಿಮಗನ ನಾಮಕರಣದಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಮಗುವಿಗೆ ಅಲ್ಲಿ ಹೆಸರಿಡುವ ಹೊತ್ತಿಗೆ ನನಗೆ ಇಲ್ಲಿ ಇಟ್ಟಾಗಿತ್ತು.

ತುಮಕೂರಿನಲ್ಲಿ ತರಬೇತಿ ಕೊಟ್ಟರು. ಮೆತ್ತಗೆ ಮಾತಾಡುವ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ ಎಲ್ಲರ ಕೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟು, ಇದನ್ನು ನುಂಗಬೇಡಿ, ನಾಲಿಗೆಯ ಮೇಲಿಟ್ಟು ಕಣ್ಣುಮುಚ್ಚಿ ಅನುಭವಿಸಿ ಅಂದಳು. ನಾವು ಕಣ್ಣು ಬಿಡುವಷ್ಟರಲ್ಲಿ ಹಿಂದಿನ ಸಾಲಿನ ಗಣಿತದ ಮೇಷ್ಟ್ರುಗಳು ಉಳಿದ ಪೊಟ್ಟಣವನ್ನೂ ಅನುಭವಿಸಿ ಮುಗಿಸಿದ್ದರು. ನಾನು ಮಾತ್ರ ಪ್ರಾಮಾಣಿಕವಾಗಿ ಕಣ್ಣು ಮುಚ್ಚಿದ್ದೆ. ಎಚ್ಚರವಾದಾಗ ಊಟದ ಬೆಲ್ಲಾಗಿತ್ತು.

ಬರುವಾಗ ಹಳದಿ ಮುಖಗಳ ಒಂದು ಚಿತ್ರಪಟ ಕೊಟ್ಟು ಕಳಿಸಿದರು. ನಗುವ ಮುಖ, ಅಳುವ ಮುಖ, ಹೆದರಿದ ಮುಖ, ಹೀಗೆ. ನಿನಗೆ ಈಗ ಯಾವುದು ಅನ್ನಿಸುತ್ತಿದೆ ಎಂದು ಮಗು ಬೆರಳಿಟ್ಟು ತೋರಿಸಬೇಕು. ನಮ್ಮ ಹುಡುಗಿಯರು ಪಟವನ್ನೆಲ್ಲ ಮೇಲಿಂದ ಕೆಳಗೆ ನೋಡಿ, "ಮಿಸ್, ಇದ್ರಾಗೆ ಬೇಜಾರು ಇಲ್ವಲ್ಲ" ಅಂದರು. ನಿಜವೇ. ನವರಸ ಎಣಿಸಿದ ಪಂಡಿತರೂ ಬೇಜಾರನ್ನು ಬಿಟ್ಟಿದ್ದಾರೆ. ಆ ಮಾತು ಪರ್ಷಿಯನ್ನಿಂದ ಬಂದದ್ದು. ಮೊಗಲರ ಕಾಲದಲ್ಲಿ ಸಿರಾದಲ್ಲಿ ಕೂತು ಆಳಿದ ಸುಬೇದಾರರು ನಮ್ಮ ಬಿಸಿಲು ನೋಡಿ ಅಂದು ಹೋದ ಮಾತೇ ಇರಬೇಕು ಎನ್ನುವುದು ನನ್ನ ಸ್ವಂತ ಸಂಶೋಧನೆ, ಯಾರೂ ಒಪ್ಪಬೇಕಾಗಿಲ್ಲ. ತಮಾಷೆಯೆಂದರೆ ಖುಷಿ ಎಂಬುದೂ ಅದೇ ಕುದುರೆ ಹತ್ತಿ ಬಂದ ಮಾತು. ಹಾಗಾದರೆ ಅದಕ್ಕೆ ಮುಂಚೆ ನಮ್ಮ ಕಡೆಯವರು ಖುಷಿಯೂ ಇಲ್ಲದೆ ಬೇಜಾರೂ ಇಲ್ಲದೆ ಏನು ಮಾಡುತ್ತಿದ್ದರೋ. ಬಹುಶಃ ರಾಗಿ ಬೀಸುತ್ತಿದ್ದರು.

ಇರಲಿ. ಪರೀಕ್ಷೆ ಮುಗಿದು ಬೇಸಿಗೆ ರಜೆ ಹತ್ತಿರ ಬಂತು. ರಜೆಯಲ್ಲಿ ಒಂದು ಶಿಬಿರ ಮಾಡಬೇಕು, ಅದಕ್ಕೆ ಮೊದಲು ಪ್ರತಿಯೊಬ್ಬ ಹುಡುಗಿಯನ್ನೂ ಕರೆದು ಮನಸ್ಸು ಹೇಗಿದೆ ಎಂದು ವಿಚಾರಿಸಬೇಕು ಎಂದು ಅಪ್ಪಣೆಯಾಗಿತ್ತು. ನಮ್ಮದು ಹಾಸ್ಟೆಲ್ ಇರುವ ಶಾಲೆ. ಮಧುಗಿರಿ, ಕೊರಟಗೆರೆಯವರಲ್ಲದೆ ಸಿರಾ, ಪಾವಗಡದ ಹಳ್ಳಿಗಳಿಂದಲೂ ಹುಡುಗಿಯರು ಬಂದಿರುತ್ತಾರೆ. ನಾನು ಕುರ್ಚಿಯಲ್ಲಿ ಕೂತೆ, ಒಬ್ಬೊಬ್ಬಳನ್ನೇ ಎದುರಿಗೆ ನಿಲ್ಲಿಸಿಕೊಂಡೆ, ಆದಷ್ಟು ಮೆತ್ತಗೆ ಕೇಳಿದೆ: "ನಿನ್ನ ಮನಸ್ಸು ಹೇಗಿದೆ?"

ನನ್ನ ಮೆತ್ತಗಿನ ದನಿಯನ್ನು ಅವರು ಹಿಂದೆಂದೂ ಕೇಳಿದ್ದಿಲ್ಲ. ಏನೋ ಅನಾಹುತವಾಗಿದೆ ಎಂದುಕೊಂಡರು. ಸಾಲದ್ದಕ್ಕೆ, ನಮ್ಮ ಸೀಮೆಯಲ್ಲಿ ಹೊಟ್ಟೆ ಹೇಗಿದೆ, ಮೊಣಕಾಲು ಹೇಗಿದೆ ಎಂದು ಕೇಳಬಹುದು. ಮನಸ್ಸು ಹೇಗಿದೆ ಎಂದು ಕೇಳುವುದು ತಲೆ ಕೆಟ್ಟವರನ್ನು ಮಾತ್ರ. ಸಂಜೆಯ ಬಸ್ಸುಗಳಲ್ಲಿ ಸುದ್ದಿ ಹರಡಿತು. ಮಾರನೆಯ ದಿನ ಸಿರಾದ ಮುಬೀನಾಳನ್ನು ಅವಳ ತಾಯಿ ದರ್ಗಾಕ್ಕೆ ಕರೆದುಕೊಂಡು ಹೋಗಿ ತೋಳಿಗೆ ತಾಯತ ಕಟ್ಟಿಸಿದರು. ಅಲ್ಲಿ ಅವರ ಮುಂದೆಯೇ ಪಾಳಿಯಲ್ಲಿ ನಿಂತಿದ್ದವರು ಕಳ್ಳಂಬೆಳ್ಳದ ಗೌರಮ್ಮನವರು, ತಮ್ಮ ಮಗಳ ಸಮೇತ. ಮಧುಗಿರಿಯ ತಾಯಂದಿರು ನಿಂಬೆಹಣ್ಣು ನಿವಾಳಿಸಿದರು. ನಮ್ಮ ಶಾಲೆಯ ಅರ್ಧ ಹುಡುಗಿಯರು ಕಪ್ಪು ದಾರ ಕಟ್ಟಿಕೊಂಡು ಬಂದು ಸಾಲಾಗಿ ನಿಂತಾಗ ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ನಾನು ಹಳದಿ ಪಟದಲ್ಲಿ ನನ್ನ ಮುಖ ಹುಡುಕುತ್ತಿದ್ದೆ.

ಇಷ್ಟಕ್ಕೆ ಮುಗಿದಿದ್ದರೆ ನಗುವ ಕಥೆಯಾಗುತ್ತಿತ್ತು. ಅಷ್ಟು ಹುಡುಗಿಯರಲ್ಲಿ ಒಬ್ಬಳೇ ಒಬ್ಬಳು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿದ್ದಳು. ಪಾವಗಡದ ಕಡೆ ಬಲಸಮುದ್ರದ ಭವ್ಯ. ಒಂಬತ್ತನೇ ತರಗತಿ ಮುಗಿಸಿದವಳು, ಓದಿನಲ್ಲಿ ಚುರುಕು. "ಸರಿ ಇಲ್ಲ ಮಿಸ್" ಅಂದಳು. ತರಬೇತಿಯ ಪ್ರಕಾರ ನಾನು ಇಲ್ಲಿ ಸುಮ್ಮನೆ ಕೇಳಿಸಿಕೊಳ್ಳಬೇಕಿತ್ತು. ಆ ಭಾಗದಲ್ಲಿ ನಾನು ನಿದ್ದೆ ಮಾಡಿದ್ದೆನೋ ಏನೋ. ಕೊನೆಗೂ ಒಬ್ಬಳು ಸಿಕ್ಕಳಲ್ಲ ಎಂಬ ಉತ್ಸಾಹದಲ್ಲಿ ಅವಳ ಮನೆಗೆ ಫೋನ್ ಮಾಡಿಬಿಟ್ಟೆ. ಎತ್ತಿದವರು ಅವಳ ಅಜ್ಜಿ ಅಂಜಿನಮ್ಮ. ಆ ಮನೆಯಲ್ಲಿ ಅವರು ಹೇಳಿದ್ದೇ ಕಾನೂನು. "ನಿಮ್ಮ ಮೊಮ್ಮಗಳ ಮನಸ್ಸು ಸರಿಯಿಲ್ಲವಂತೆ" ಅಂದೆ.

ಮರುದಿನವೇ ಬಂದು ಹುಡುಗಿಯನ್ನು ಗಂಟುಮೂಟೆ ಸಮೇತ ಕರೆದುಕೊಂಡು ಹೋದರು. ಶಿಬಿರಕ್ಕೆ ಕಳಿಸುತ್ತೀರಾ ಎಂದು ಹೆಡ್‌ಮಾಸ್ಟರು ಕೇಳಿದ್ದಕ್ಕೆ ಅಜ್ಜಿ, "ಓದಿ ಓದಿ ತಲೆಗೇರೈತೆ ಸ್ವಾಮಿ. ಒಂಬತ್ತಕ್ಕೇ ಸಾಕು. ಇನ್ನ ಮನೇಲೇ ಇರ್ಲಿ ಬುಡಿ" ಅಂದರು. ಅಂದರೆ ಮುಂದಿನ ವರ್ಷಕ್ಕೂ ಇಲ್ಲ. ಒಂದು ಬುದ್ಧಿವಂತ ಹುಡುಗಿಯ ಶಾಲೆ ನನ್ನ ಒಂದು ಫೋನಿನಿಂದ ನಿಂತುಹೋಗುವುದರಲ್ಲಿತ್ತು. "ಮೇಡಂ, ಹಚ್ಚಿದವರೇ ಆರಿಸಬೇಕು" ಅಂದರು ಹೆಡ್‌ಮಾಸ್ಟರು.

ಹಾಗಾಗಿ ಬೇಸಿಗೆಯ ಬಿಸಿಲಿನಲ್ಲಿ ಪಾವಗಡದ ಬಸ್ಸು ಹತ್ತಿದೆ. ಕಿಟಕಿಯಾಚೆ ಬಂಡೆ, ಬಂಡೆಯ ಪಕ್ಕ ಬಂಡೆ. ಪಾವಗಡ ದಾಟಿದ ಮೇಲೆ ಹೊಲಗಳ ತುಂಬ ಸೋಲಾರ್ ಹಲಗೆಗಳು ಬಿಸಿಲು ಕುಡಿಯುತ್ತ ಮಲಗಿದ್ದವು. ಇಡೀ ತಾಲ್ಲೂಕಿನಲ್ಲಿ ಈ ಬಿಸಿಲಿನಿಂದ ಲಾಭ ಮಾಡಿಕೊಳ್ಳುತ್ತಿದ್ದವು ಅವು ಮಾತ್ರ. ದಾರಿಯುದ್ದಕ್ಕೂ ನಾನು ಒಂದು ಭಾಷಣ ಸಿದ್ಧಮಾಡಿಕೊಂಡೆ, ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಹತ್ವದ ಬಗ್ಗೆ. ಬಹಳ ಚೆನ್ನಾಗಿತ್ತು. ಒಂದು ವಾಕ್ಯವನ್ನೂ ಬಳಸಲಾಗಲಿಲ್ಲ.

ಅಂಜಿನಮ್ಮನವರ ಮನೆಯ ಮುಂದಿನ ಚಪ್ಪರದಡಿ ಹುಣಸೆಹಣ್ಣಿನ ರಾಶಿ. ಸುತ್ತ ಕೇರಿಯ ಹೆಂಗಸರು ಕೂತು ಓಡು ಬಿಡಿಸಿ, ನಾರು ತೆಗೆದು, ಕಲ್ಲಿನ ಮೇಲಿಟ್ಟು ಕೊಡತಿಯಿಂದ ಕುಟ್ಟಿ ಬೀಜ ಬೇರೆ ಮಾಡುತ್ತಿದ್ದರು. ಭವ್ಯ ಅಲ್ಲೇ ಇದ್ದಳು, ಸೊರಗಿದ್ದಳು. ನಾನು ಚಪ್ಪಲಿ ಬಿಡುತ್ತ ಅಂದ ಮೊದಲ ಮಾತು, "ಏನಮ್ಮಾ, ಬರೋ ವರ್ಷ ಟೆಂತು, ಹೀಗೆ ಕೂತರೆ ಹೇಗೆ?" ಅವಳು ಎದ್ದು ಒಳಗೆ ಹೋದಳು. ನಾನು ಪ್ರೀತಿಯಿಂದಲೇ ಅಂದಿದ್ದೆ, ಸತ್ಯವಾಗಿ.

ಹುಣಸೆ ಕುಟ್ಟುವ ಜಾಗಕ್ಕೆ ಯಾರು ಬಂದರೂ ಬರಿಗೈಲಿ ಕೂರುವಂತಿಲ್ಲ. ಅದು ಆ ಕಡೆಯ ಪದ್ಧತಿ. ನೆಂಟರಾದರೂ ಅಷ್ಟೇ, ಸಾಲ ಕೇಳಲು ಬಂದವರಾದರೂ ಅಷ್ಟೇ. ಅಂಜಿನಮ್ಮ ನನ್ನ ಕಡೆ ಒಂದು ಕೊಡತಿ ತಳ್ಳಿ, "ಕುಟ್ಟು ಟೀಚರಮ್ಮಾ" ಅಂದರು. ಕುಟ್ಟಿದೆ. ಮೊದಲ ಏಟು ಹಣ್ಣಿಗೆ, ಎರಡನೆಯದು ಹೆಬ್ಬೆರಳಿಗೆ. ಹೆಂಗಸರೆಲ್ಲ ನಕ್ಕರು. ಆಮೇಲೆ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ಅವರವರ ಕಲ್ಲಿನ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ತಲೆ ಎತ್ತದೆಯೇ ಕೇಳಿದರು, "ಅದ್ಸರಿ, ಊರವ್ರ ಮನ್ಸೆಲ್ಲಾ ಕೇಳ್ತಿಯಂತೆ. ನಿನ್ದು ಹೆಂಗೈತೆ?"

ಚೆನ್ನಾಗಿದೆ ಅನ್ನಲು ಬಾಯಿ ತೆಗೆದೆ. ಆದರೆ ಬೆರಳು ನೋಯುತ್ತಿತ್ತು, ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಬೇರೆ ಏನೇನೋ ಬಂದುಬಿಟ್ಟಿತು. ನನ್ನ ಗಂಡನ ವಿಷಯ ಬಂತು. ಅವರು ಲೈಬ್ರರಿಯಲ್ಲಿದ್ದು ನಿವೃತ್ತರಾದವರು. ಈಗ ಅಡುಗೆಮನೆಯ ಡಬ್ಬಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟಿದ್ದಾರೆ. ಅರಿಶಿನ, ಇಂಗು, ಉಪ್ಪು, ಎಣ್ಣೆ ಈ ತುದಿಯಲ್ಲಿ, ಸಾಸಿವೆ ಆ ತುದಿಯಲ್ಲಿ. ನಾನು ಸಾಸಿವೆ ತರುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತದೆ, ನಾನೂ ಹೊಗೆಯಾಡುತ್ತೇನೆ. ಅಂಜಿನಮ್ಮ ಕೊಡತಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನನಗೆ ಬೆಳಗಿನ ಜಾವ ಎಚ್ಚರವಾಗುವುದು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ನಾನು ಕ್ಲಾಸಿಗೆ ಕಾಲಿಟ್ಟ ಕೂಡಲೇ ಮಕ್ಕಳು ಗಪ್‌ಚಿಪ್ಪಾಗುವುದು, ಅದನ್ನು ಇಷ್ಟು ವರ್ಷ ಗೌರವ ಎಂದುಕೊಂಡಿದ್ದು, ಈಚೆಗೆ ಅದು ಗೌರವವೋ ಬೇರೇನೋ ಎಂದು ಸಂಕಟವಾಗುವುದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಬಂದ ಕೆಲಸ ಪೂರ್ತಿ ಮರೆತುಹೋಗಿತ್ತು. ಸಲಹೆ ಕೊಡಲು ಹೋದವಳು ಯಾರೂ ಕೇಳದ ಅಹವಾಲು ಒಪ್ಪಿಸುತ್ತ ಕೂತಿದ್ದೆ.

ಭವ್ಯ ಯಾವಾಗ ಬಂದು ಅಜ್ಜಿಯ ಹಿಂದೆ ಕೂತಳೋ ನನಗೆ ಗೊತ್ತಿಲ್ಲ. ನಾರು ಬಿಡಿಸುತ್ತಲೇ ಅಂದಳು, "ನಂಗೂ ಅಂಗೇ ಆಯ್ತದೆ ಮಿಸ್. ಎದೆ ಡವಡವ ಅಂತದೆ." ಯಾಕಮ್ಮಾ ಎಂದು ನಾನು ಕೇಳಲಿಲ್ಲ. ಜಾಣತನದಿಂದಲ್ಲ, ಮೂಗು ಒರೆಸಿಕೊಳ್ಳುತ್ತಿದ್ದೆ. ಅವಳೇ ಹೇಳಿದಳು. ಒಂಬತ್ತರ ಪರೀಕ್ಷೆ ಮುಗಿದ ದಿನದಿಂದ ಯಾರು ಎದುರು ಬಂದರೂ ಒಂದೇ ಮಾತು, ಬರೋ ವರ್ಷ ಟೆಂತಾ? ಅಂಗಡಿಯವನು ಸಕ್ಕರೆ ತೂಗುತ್ತ ಕೇಳುತ್ತಾನೆ. ಕಂಡಕ್ಟರು ಟಿಕೆಟ್ ಹರಿಯುತ್ತ ಕೇಳುತ್ತಾನೆ. ಪೂಜಾರಿ ಕುಂಕುಮ ಕೊಡುತ್ತ ಫಸ್ಟ್ ಕ್ಲಾಸ್ ಬಾ ಎಂದು ಹರಸುತ್ತಾನೆ. ರಜೆ ಎಂಬುದೇ ಇಲ್ಲ. ಅದಕ್ಕೇ ಅಂಗಡಿಗೆ ಹೋಗುವುದು ಬಿಟ್ಟಳು, ಯಾರಾದರೂ ಬಂದರೆ ಒಳಗೆ ಹೋಗುವುದು ಕಲಿತಳು. "ಫೇಲಾದ್ರೆ ಇವ್ರೆಲ್ಲಾರ್ಗೂ ಏನೇಳ್ಲಿ ಅನ್ಸುತ್ತೆ. ಓದೋಕ್ಕಲ್ಲ ಮಿಸ್ ಭಯ."

ನಾನು ಚಪ್ಪಲಿ ಬಿಡುತ್ತ ಅಂದದ್ದು ಆಗ ನೆನಪಾಯಿತು. ನೆಲ ಬಿರಿದು ನನ್ನನ್ನು ಒಳಗೆ ಕರೆದುಕೊಂಡಿದ್ದರೆ ಹೋಗಿಬಿಡುತ್ತಿದ್ದೆ. ನಾನೇ ಬರೆದು ಊರೂರಿಗೆ ಹಂಚಿದ ಶಿಬಿರದ ಕರಪತ್ರದ ಮೇಲೂ ದಪ್ಪಕ್ಷರದಲ್ಲಿ ಇದ್ದದ್ದು, 'ಬೇಸಿಗೆಯಲ್ಲೇ ಎಸ್ಸೆಸ್ಸೆಲ್ಸಿಗೆ ಬುನಾದಿ' ಎಂದು. ಯೋಗಕ್ಷೇಮ ಅದರ ಕೆಳಗೆ ಸಣ್ಣಕ್ಷರದಲ್ಲಿತ್ತು.

"ಅಂದ್ರೆ ಗಾಳಿಗೀಳಿ ಅಲ್ವಾ ಇದು?" ಅಂದರು ಅಂಜಿನಮ್ಮ, ಸ್ವಲ್ಪ ನಿರಾಸೆಯಿಂದಲೇ. ಆಮೇಲೆ ಮೊಮ್ಮಗಳ ತಲೆಯನ್ನು ಹುಣಸೆ ಮೆತ್ತಿದ ಕೈಯಿಂದಲೇ ಸವರಿದರು. "ಲೇ, ಮೊದ್ಲೇ ಹೇಳ್ಬಾರ್ದಾ. ನಾನೂ ದಿನಾ ಫೋನಾಗೆ ಅದೇ ಅಂತಿದ್ನಲ್ಲೇ." ಶಾಲೆಗೆ ಕಳಿಸುತ್ತೇನೆ ಎಂದು ಅವರು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಶಿಬಿರಕ್ಕೆ ಬರುತ್ತೇನೆ ಎಂದವಳು ಭವ್ಯಳೇ, ಒಂದು ಷರತ್ತಿನ ಮೇಲೆ: ಅಲ್ಲಿ ಯಾರೂ ಟೆಂತಿನ ಮಾತೆತ್ತಬಾರದು.

ಆ ವರ್ಷದ ಶಿಬಿರದಲ್ಲಿ ಕರಾಟೆ ಇತ್ತು, ಚಿತ್ರಕಲೆ ಇತ್ತು, ಇಂಗ್ಲಿಷ್ ಮಾತಾಡುವ ತರಬೇತಿ ಇತ್ತು. ವರಾಂಡದಲ್ಲಿ ಹುಣಸೆಹಣ್ಣಿನ ಒಂದು ಮೂಟೆಯೂ ಇತ್ತು. ಮುಂದಿನ ವರ್ಷದ ಮಾತೆತ್ತಿದವರು ಅಲ್ಲಿ ಕೂತು ಕುಟ್ಟಬೇಕು. ಉದ್ಘಾಟನೆಗೆ ಬಂದ ಅಧಿಕಾರಿ ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದರು. ಮುಬೀನಾ ತಾಯತದ ತೋಳು ಚಾಚಿ ಅವರಿಗೆ ಕೊಡತಿ ಕೊಟ್ಟಳು. ಪಾಪ, ಬಿಳಿ ಪ್ಯಾಂಟು. ಎಲ್ಲರಿಗಿಂತ ಹೆಚ್ಚು ಕುಟ್ಟಿದವಳು ನಾನೇ. ಇಷ್ಟು ವರ್ಷದ ಅಭ್ಯಾಸ, ನಾಲಿಗೆ ಕೇಳುವುದಿಲ್ಲ. ಹಾಗೆ ಕೂತಾಗ ಹುಡುಗಿಯರು ಬಂದು ಪಕ್ಕದಲ್ಲಿ ಕೂತು, ಮುಖ ನೋಡದೆ, ಏನೇನೋ ಹೇಳುತ್ತಿದ್ದರು. ನಾನು ಸುಮ್ಮನಿರುತ್ತಿದ್ದೆ. ಹೆಬ್ಬೆರಳಿನ ಮೇಲೆ ಗಮನವಿರಬೇಕಲ್ಲ.

ಶಿಬಿರ ಮುಗಿದು ಭವ್ಯಳೂ ಸೇರಿದಂತೆ ಎಲ್ಲರೂ ಊರಿಗೆ ಹೋದರು. ಮತ್ತೆ ಶಾಲೆ ಶುರುವಾದ ದಿನ ಭವ್ಯ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಬೆಳಗಿನಿಂದ ಗೇಟಿನ ಹತ್ತಿರ ಯೂನಿಫಾರಂ ನೋಡುವ ನೆಪದಲ್ಲಿ ನಿಂತಿದ್ದೆ. ಪಾವಗಡದ ಮೊದಲ ಬಸ್ಸು ಬಂತು, ಇಲ್ಲ. ಪ್ರಾರ್ಥನೆಯ ಬೆಲ್ಲಾಯಿತು, ಇಲ್ಲ. ಹತ್ತನೇ ತರಗತಿಯವರು ಒಳಗೆ ಹೋಗಿ ಕೂತರು. ನಾನು ಹಾಜರಿ ಪುಸ್ತಕ ಹಿಡಿದು ಅವರ ಬಾಗಿಲ ಬಳಿ ಬಂದಾಗ ಹಿಂದಿನಿಂದ ಅಂಜಿನಮ್ಮನ ದನಿ ಕೇಳಿತು. ಅವರ ಬೆನ್ನಿಗೆ ಟ್ರಂಕು ಹೊತ್ತು ಮೊಮ್ಮಗಳು, ಮುಖ ಬೆವತಿತ್ತು, ಕಣ್ಣು ನೆಲದ ಮೇಲೆ. ಸ್ಟಾಫ್ ರೂಮಿನವರೂ ಹೊರಗೆ ಬಂದು ನಿಂತಿದ್ದರು. ಅಂಜಿನಮ್ಮ ನಾಲ್ಕು ತಾಲ್ಲೂಕಿಗೂ ಕೇಳುವಂತೆ ಕೂಗಿದರು, "ಏಮ್ಮಾ ಟೀಚರಮ್ಮಾ, ನಿನ್ ಗಂಡ ಡಬ್ಬ ಜೋಡ್ಸೋದು ಬುಟ್ನಾ ಇಲ್ವಾ? ನಮ್ಮೂರಾಗೆಲ್ಲಾ ಕೇಳ್ತಾವ್ರೆ."

ಕೇಳಿದ್ದನ್ನು ಯಾರಿಗೂ ಹೇಳಬಾರದು ಎನ್ನುವ ನಿಯಮ ತರಬೇತಿಯಲ್ಲಿತ್ತು, ಹುಣಸೆಯ ಚಪ್ಪರದಲ್ಲಿಲ್ಲ. ಸಿಟ್ಟು ನೆತ್ತಿಗೇರುವ ಹೊತ್ತು ಅದು. ಆದರೆ ಟ್ರಂಕಿನ ಹಿಂದೆ ಭವ್ಯಳ ತುಟಿ ಅಲುಗಿದ್ದು ಕಂಡಿತು. ನಾನೂ ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟೆ. "ಬಿಟ್ಟರು ಅಜ್ಜಿ. ಈಗ ಹಿತ್ತಿಲಿಗೆ ಇಳಿದಿದ್ದಾರೆ. ಕನಕಾಂಬರ ಕಿತ್ತು ಕರಿಬೇವಿನ ಪಕ್ಕ ನೆಡುತ್ತಿದ್ದಾರೆ."

ಭವ್ಯ ಟ್ರಂಕು ಕೆಳಗಿಟ್ಟು ನಕ್ಕಳು. ಒಳಗಿದ್ದ ಹುಡುಗಿಯರು ಏನೇ, ಏನೇ ಎಂದು ಕರೆದರು. ಹೇಳುವ ಆತುರದಲ್ಲಿ ಅವಳು ನಗುತ್ತಲೇ ಹತ್ತನೇ ತರಗತಿಯ ಹೊಸಿಲು ದಾಟಿ ಒಳಗೆ ಹೋದಳು. ದಾಟಿದ್ದು ಅವಳ ಗಮನಕ್ಕೆ ಬರಲಿಲ್ಲ. ನಾನೂ ಹೇಳಲಿಲ್ಲ.