ತಲೆಯಾಡಿಸಿದ್ದು

ನಿನ್ನೆ ರೆಸಿಡೆಂಟ್ ಕಾರ್ಡು ಹುಡುಕುತ್ತ ಡ್ರಾಯರ್ ಬಗೆಯುತ್ತಿದ್ದಾಗ ಕೈಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿತು. ಗಿಟಾರಿನ ತಂತಿ ಮೀಟುವ ಮೂರು ಮೂಲೆಯ ಬಿಲ್ಲೆ. ನನಗೆ ಬಾರಿಸಲು ಬರುವುದು ಪಕ್ಕದ ಮನೆಯ ಬೆಲ್ಲು ಒಂದೇ. ಆದರೂ ಮೂರು ಮನೆ ಬದಲಿಸಿದರೂ ಇದನ್ನು ಎಸೆದಿಲ್ಲ. ನಿಮಗೆ ಹೇಳಿಬಿಡುತ್ತೇನೆ: ಒಬ್ಬ ಮನುಷ್ಯನ ಬದುಕು ಹಾಳಾದದ್ದು ನನ್ನ ತಲೆಯಿಂದ ಎಂಬ ಅನುಮಾನ ನನ್ನನ್ನು ಬಿಟ್ಟಿರಲಿಲ್ಲ.

ಕ್ಯಾಲಮ್ ಸ್ಕಾಟ್ಲೆಂಡಿನವನು. ಮಸ್ಕತ್‌ನ ಅಲ್ ಅಜೈಬಾದಲ್ಲಿದ್ದ ನಮ್ಮ ಆಫೀಸಿನಲ್ಲಿ ಎಣ್ಣೆ ಬಾವಿ ಕೊರೆಯುವ ಕೆಲಸಗಳ ವೇಳಾಪಟ್ಟಿ ಮಾಡುತ್ತಿದ್ದ. ನಾನು ಪಕ್ಕದ ಮೇಜಿನಲ್ಲಿ ನಕ್ಷೆ ತೆಗೆಯುತ್ತಿದ್ದೆ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಉಳಿದರ್ಧ ತಪ್ಪು ತಿಳಿಯುತ್ತಿತ್ತು. ‘ವೀ’ ಎಂದಾಗಲೆಲ್ಲ ನಾವಿಬ್ಬರೂ ಎಂದುಕೊಂಡು ಎದ್ದು ನಿಲ್ಲುತ್ತಿದ್ದೆ. ಅವನ ಊರಲ್ಲಿ ಅದಕ್ಕೆ ಚಿಕ್ಕದು ಎಂದರ್ಥವಂತೆ. ಊಟದ ಬಿಡುವಿನಲ್ಲಿ ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡು ಗಿಟಾರ್ ಮೀಟುತ್ತ ತಾನೇ ಕಟ್ಟಿದ ಹಾಡು ಹಾಡುತ್ತಿದ್ದ. ನನ್ನ ಜೋಳದ ರೊಟ್ಟಿಯಲ್ಲಿ ಅವನಿಗೆ ಪಾಲು, ಹಾಡಿನಲ್ಲಿ ನನಗೆ.

ಆಗ ತೈಲದ ಬೆಲೆ ಬಿದ್ದು ವಾರಕ್ಕೊಂದು ಕುರ್ಚಿ ಖಾಲಿಯಾಗುತ್ತಿತ್ತು. ಅವನಿಗೂ ಕಾಗದ ಬಂತು: ನಿಜ್ವಾದಾಚೆಯ ಮರುಭೂಮಿಯ ಕ್ಯಾಂಪಿಗೆ ಹೋಗು, ಇಲ್ಲವೇ ಊರಿಗೆ ಹೋಗು. ಉತ್ತರಕ್ಕೆ ಒಂದೇ ದಿನ. ಅವನು ನನ್ನನ್ನು ಕೂರಿಸಿಕೊಂಡು ಹೊಸ ಹಾಡೊಂದನ್ನು ಪೂರ್ತಿ ಹಾಡಿದ. ಯಾಕೋ ಕಣ್ಣು ತುಂಬಿ ಬಂತು. ಮುಗಿಸಿ, ಹಾಡನ್ನೇ ನಂಬಿಕೊಂಡು ಊರಿಗೆ ಹೋಗಲೇ ಎಂದು ಕೇಳಿದ. ಹಾಗೆ ಕೇಳಿದ್ದು ಎಂದು ಆಮೇಲೆ ಹೊಳೆಯಿತು. ಆಗ ಕಿವಿಗೆ ಬಿದ್ದದ್ದು ಬರೀ ‘ಹೋಮ್’. ನಾನು ತಲೆಯಾಡಿಸಿದೆ. ನಮ್ಮ ಕಡೆಯವರು ಆಡಿಸುವಂತೆ, ಈ ಭುಜದಿಂದ ಆ ಭುಜಕ್ಕೆ. ಕೇಳಿಸಿತು, ಆಗಲಿ, ನೋಡೋಣ, ಚಹಾ ಕುಡಿಯೋಣವೇ, ಎಲ್ಲವೂ ಅದರಲ್ಲಿತ್ತು. ಅವನು ನನ್ನ ಮುಖ ನೋಡಿ ಈ ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟ. ಮರುದಿನ ರಾಜೀನಾಮೆ ಕೊಟ್ಟ.

ಮನೆಯಲ್ಲಿ ಹೇಳಿದರೆ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. “ಅಲ್ರೀ, ನೀವು ಹೌದಂದ್ರಿ ಅಂತ ತಿಳಕೊಂಡಾನ ಅಂವಾ. ಬಾಯಿ ಬಿಟ್ಟು ಒಂದ ಮಾತು ಹೇಳಲಿಕ್ಕೆ ಏನಾಗಿತ್ತು ನಿಮಗ?”

ಆಮೇಲೆ ಅವನ ಕಾರ್ಡುಗಳು ಬಂದವು. ಹೆಂಡದಂಗಡಿಯಲ್ಲಿ ಹಾಡಿದೆ, ಕೇಳಿದವರು ನಾಲ್ವರು, ಅವರಲ್ಲೊಂದು ನಾಯಿ ಎಂದಿತ್ತು ಮೊದಲನೆಯದರಲ್ಲಿ. ಅವತ್ತು ನನಗೆ ಊಟ ಸೇರಲಿಲ್ಲ. ಮುಂದೆ ಯಾವುದೋ ದ್ವೀಪದ ಶಾಲೆ, ಮದುವೆಮನೆಗಳು, ನಡುವೆ ಗೋಡೆಗೆ ಬಣ್ಣ ಬಳಿಯುವ ಕೆಲಸ, ಒಂದು ಸಿ.ಡಿ. ಏರುತ್ತಿದ್ದಾನೋ ಇಳಿಯುತ್ತಿದ್ದಾನೋ ತಿಳಿಯಲಿಲ್ಲ. ನಾವು ಮನೆ ಬದಲಿಸಿದ ಮೇಲೆ ಕಾರ್ಡುಗಳೂ ನಿಂತವು. ಮುಳುಗಿಹೋದ ಎಂದೇ ತಿಳಿದೆ.

ಬಿಲ್ಲೆಯ ಕತೆ ಕೇಳಿದ ಮಗಳು ಫೋನಿನಲ್ಲಿ ಅವನ ಹೆಸರು, ಊರು ಹಾಕಿ ಹುಡುಕಿದಳು. ಒಂದು ವೀಡಿಯೊದಲ್ಲಿ ಸಿಕ್ಕೇಬಿಟ್ಟ. ಗಡ್ಡ ನೆರೆತಿದೆ. ಸಣ್ಣ ಸಭಾಂಗಣ, ಒಂದು ಕುರ್ಚಿಯೂ ಖಾಲಿಯಿಲ್ಲ. ಹಾಡುವ ಮೊದಲು ಅವನು ಏನೋ ಹೇಳಿದ, ಜನ ನಕ್ಕರು, ಆಮೇಲೆ ಸುಮ್ಮನಾದರು. ಮಗಳಿಗೆ ಅವನ ಇಂಗ್ಲಿಷು ಸಲೀಸು. ನಿಲ್ಲಿಸಿ ನನ್ನತ್ತ ತಿರುಗಿದಳು.

“ಅಪ್ಪಾ, ಇದು ನಿನ್ನ ಬಗ್ಗೆನ ಹೇಳ್ಯಾನ. ಮಸ್ಕತ್‌ನಾಗ ಒಬ್ಬ ಫ್ರೆಂಡ್ ಮುಂದ ಈ ಸಾಂಗ್ ಹಾಡಿದ್ದೆ, ಅವನ ತಲಿ ‘ನೋ’ ಅಂತು, ಕಣ್ಣು ಮಾತ್ರ ಒದ್ದಿ ಆಗಿದ್ವು. ನಾ ಕಣ್ಣು ನಂಬಿ ಬಂದೆ, ಅಂತಾನ.”

ನನ್ನ ತಲೆ ಬೇಡ ಎಂದಿತೇ? ಇಷ್ಟು ವರ್ಷ ಹೌದು ಎಂದುಬಿಟ್ಟೆನಲ್ಲ ಎಂದು ಕೊರಗಿದವನು ನಾನು. ಈಗ ಸಮಾಧಾನಪಡಬೇಕೋ ನಾಚಬೇಕೋ ತಿಳಿಯದೆ ಕೂತೆ. ಅಲ್ಲಿ ಅವನ ವಿಳಾಸವಿದೆ, ಬರೆಯಲೇ ಎಂದು ಮಗಳು ಕೇಳಿದಳು.

ತಲೆ ಆಗಲೇ ಒಂದು ಭುಜದ ಕಡೆ ಹೊರಟಿತ್ತು. ಗದ್ದ ಹಿಡಿದು ನಿಲ್ಲಿಸಿದೆ.

“ಹೌದು,” ಎಂದೆ ಬಾಯಿ ಬಿಟ್ಟು. “ಬರಿ.”